ದೋಣಿಯ ಲೆಕ್ಕವೇ ವಿಮಾನದ ಲೆಕ್ಕ

ಪ್ರಥಮ ಪಿಯುಸಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸುತ್ತಿದ್ದ, ನದಿ ದಾಟುವ ದೋಣಿಯ ಲೆಕ್ಕ ಈ ಕಾಲೇಜಿನಲ್ಲಿ ಓದಿದ ಎಲ್ಲರಿಗೂ ನೆನಪಿರಬೇಕು. ಪೈಲಟ್ ಆಗಬೇಕೆನ್ನುವ ತಮ್ಮ-ತಂಗಿಯರು ಅದನ್ನು ಬಿಡಬೇಡಿ. ಆಕಾಶದಲ್ಲೂ ಅದೇ ಲೆಕ್ಕ, ನೀರಿನ ಬದಲು ಗಾಳಿ. 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ; ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.) ವೇಗದ ಸೆಸ್ನಾ 152 ಎಂಬ ಪುಟ್ಟ ತರಬೇತಿ ವಿಮಾನಕ್ಕೆ ಎಡದಿಂದ ಅಡ್ಡಲಾಗಿ 15 ನಾಟ್ ಗಾಳಿ ಬೀಸಿದರೆ ಮೂತಿಯನ್ನು ಸುಮಾರು 10 ಡಿಗ್ರಿ ಎಡಕ್ಕೆ ಹಿಡಿಯಬೇಕು. ಇಲ್ಲವಾದರೆ ಒಂದೇ ಗಂಟೆಯಲ್ಲಿ 15 ನಾಟಿಕಲ್ ಮೈಲಿ ಬಲಕ್ಕೆ ಸರಿದಿರುತ್ತೀರಿ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಭೌತಶಾಸ್ತ್ರ, ಗಣಿತ ಕೇಳುವುದು ಇದಕ್ಕೇ.

ಫ್ಲೈಯಿಂಗ್ ಸ್ಕೂಲಿಗೆ ಫೀಸು ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ಈ ಕ್ರಮ ತಪ್ಪಿ ಲಕ್ಷಗಟ್ಟಲೆ ಕಳೆದುಕೊಳ್ಳುವವರಿದ್ದಾರೆ. ಮೊದಲು ಕ್ಲಾಸ್ 2 ತಪಾಸಣೆ, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಕ್ಲಾಸ್ 1ಕ್ಕೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಕನ್ನಡಕ ಅಡ್ಡಿಯಲ್ಲ. ಬಣ್ಣಗುರುಡು ಅಡ್ಡಿ, ಮತ್ತು ಅದು ತಮಗಿದೆಯೆಂದು ಹಲವರಿಗೆ ಗೊತ್ತೇ ಇರುವುದಿಲ್ಲ.

ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎ. ಅದರ ಪರೀಕ್ಷೆಗೆ ಕೂರಲು ಕಂಪ್ಯೂಟರ್ ನಂಬರ್, ಅಂದರೆ ಅದು ಕೊಡುವ ಗುರುತಿನ ಸಂಖ್ಯೆ ಬೇಕು. ಅದಕ್ಕೆ ದಾಖಲೆಗಳಲ್ಲಿ ಹೆಸರು ಹೊಂದಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಎಂದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನ್ಯಾವಿಗೇಷನ್, ಹವಾಮಾನ, ನಿಯಮಾವಳಿ, ಟೆಕ್ನಿಕಲ್, ಎಲ್ಲದಕ್ಕೂ ಪಾಸಾಗಲು ಶೇಕಡಾ 70 ಅಂಕ. ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಎಂಬ ಪರವಾನಗಿ ಪರೀಕ್ಷೆ ಬೇರೆ.

ಹಾರಾಟ 200 ಗಂಟೆ. ಅದರಲ್ಲಿ 100 ಗಂಟೆ ನೀವೇ ಕ್ಯಾಪ್ಟನ್. ಒಮ್ಮೆ 300 ನಾಟಿಕಲ್ ಮೈಲಿ ದೂರ ಹಾರಿ, ದಾರಿಯಲ್ಲಿ ಬೇರೆ ಎರಡು ಕಡೆ ಇಳಿದು ಬರಬೇಕು. ಮಳೆಗಾಲದಲ್ಲಿ ಮೋಡ ಕವಿದು ವಾರಗಟ್ಟಲೆ ವಿಮಾನ ಏಳುವುದೇ ಇಲ್ಲ. ಹಾಗಾಗಿ ಹಾರಿದಷ್ಟಕ್ಕೆ ಕಂತಿನಲ್ಲಿ ಹಣ ಕಟ್ಟುವುದೇ ಮೇಲು.

ದಿನದ ಮೊದಲ ಹಾರಾಟಕ್ಕೆ ಮುಂಚೆ ರೆಕ್ಕೆಯಡಿಯ ಡ್ರೈನ್‌ನಿಂದ ಸಣ್ಣ ಪಾರದರ್ಶಕ ಕಪ್ಪಿಗೆ ಪೆಟ್ರೋಲು ಹಿಡಿದು ನೋಡುತ್ತಾರೆ. ವಿಮಾನದ ಪೆಟ್ರೋಲು ತಿಳಿನೀಲಿ. ಟ್ಯಾಂಕು ಅರ್ಧ ಖಾಲಿಯಿದ್ದರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತದೆ. ಎಂಜಿನ್‌ಗೆ ಹೋದರೆ ಟೇಕಾಫ್‌ನಲ್ಲೇ ಕೆಮ್ಮಿ ನಿಲ್ಲಬಹುದು. ಕಪ್ಪಿನ ತಳದಲ್ಲಿ ನೀರಿನ ಗುಳ್ಳೆ ಕಂಡರೆ ತಿಳಿಯುವುದು ಸುಲಭ. ಕಷ್ಟವಿರುವುದು ಕಪ್ಪಿನ ತುಂಬ ಬರೀ ನೀರೇ ಬಂದಾಗ. ನೀರು-ಪೆಟ್ರೋಲಿನ ನಡುವಿನ ಗೆರೆ ಕಾಣುವುದಿಲ್ಲ, ಸ್ವಚ್ಛವಾಗಿದೆ ಎನ್ನಿಸುತ್ತದೆ. ಅದಕ್ಕೇ ಕಪ್ಪನ್ನು ಬಿಳಿ ರೆಕ್ಕೆಯ ಎದುರು ಹಿಡಿದು ಬಣ್ಣ ನೋಡಿ, ಮೂಸಿಯೂ ನೋಡಿ. ನೀಲಿ ಬರುವವರೆಗೆ ಮತ್ತೆ ಮತ್ತೆ ಹಿಡಿಯಿರಿ.