ರಸ್ತೆಯ ದಪ್ಪ, ತೋಡಿನ ಬಣ್ಣ: ಲೆಕ್ಕ ಕೇಳುವ ಕೆಲಸದಿಂದ ಕಲಿತದ್ದು

ಕೊಡಗಿನ ಐದೂ ತಾಲ್ಲೂಕುಗಳ ಜನರಿಗೆ ಅರ್ಜಿ, ದೂರು, ಮೇಲ್ಮನವಿ ಬರೆದುಕೊಡುವುದು ನಮ್ಮ ಕೆಲಸ. ಎದುರಿಗೆ ಕೂತವರು ಮೊದಲು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ನಮ್ಮಂಥವರು ಕೇಳಿದ್ರೆ ಸರ್ಕಾರದವರು, ಕಂಪನಿಯವರು ಉತ್ತರ ಕೊಡ್ತಾರಾ?” ಕಾಗದ ಕೇಳಿದರೆ ಕೊಡುತ್ತಾರೆ, ಕಾರಣ ಕೇಳಿದರೆ ಕೊಡುವುದಿಲ್ಲ. ಈ ಕೆಲಸದಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಉಳಿದದ್ದು ಯಾವ ಕಾಗದ, ಯಾರ ಹತ್ತಿರ, ಯಾವ ತಾರೀಖಿನೊಳಗೆ ಎಂಬ ಲೆಕ್ಕ.

ಊರೊಳಗಿನ ಕಾಂಕ್ರೀಟ್ ರಸ್ತೆಯನ್ನೇ ತೆಗೆದುಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಜುಲೈ ಹೊತ್ತಿಗೆ ರಸ್ತೆಯ ಅಂಚು ಒಡೆದಿರುತ್ತದೆ. “ಮಾರ್ಚ್‌ನಲ್ಲಿ ಹಾಕಿದ ರಸ್ತೆ ಒಂದೇ ಮಳೆಗೆ ಏಕೆ ಹಾಳಾಯಿತು?” ಎಂದು ಬರೆಸಲು ಜನ ಬರುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹೀಗೆ ಬರೆದರೆ, ಅರ್ಜಿ ಪ್ರಶ್ನೆಯ ರೂಪದಲ್ಲಿದೆ, ಕೊಡಲು ಮಾಹಿತಿ ಇಲ್ಲ ಎಂಬ ಹಿಂಬರಹ ಬರುತ್ತದೆ. ಆ ಹಿಂಬರಹವನ್ನು ತಪ್ಪು ಎನ್ನುವಂತೆಯೂ ಇಲ್ಲ. ಕಡತದಲ್ಲಿ ಇರುವುದನ್ನು ಕೊಡುವುದು ಅಧಿಕಾರಿಯ ಹೊಣೆ. ನಮಗಾಗಿ ಕುಳಿತು ವಿವರಣೆ ಬರೆಯುವುದಲ್ಲ.

ಹಾಗಾಗಿ ದಾಖಲೆಯ ಹೆಸರು ಹಿಡಿದು ಕೇಳಬೇಕು. ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಗುತ್ತಿಗೆ ಕರಾರು, ಎಂ.ಬಿ. ಎಂದು ಎಲ್ಲರೂ ಕರೆಯುವ ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಬಿಲ್ಲು, ಕಾಮಗಾರಿ ಮುಗಿದ ಪ್ರಮಾಣಪತ್ರ. ಇಷ್ಟರ ದೃಢೀಕೃತ ನಕಲು. ಕಡತದ ಟಿಪ್ಪಣಿ ಹಾಳೆಗಳನ್ನೂ ಸೇರಿಸಿ. “ಏಕೆ” ಎಂಬುದಕ್ಕೆ ಉತ್ತರ ಎಲ್ಲಾದರೂ ಇದ್ದರೆ ಆ ಹಾಳೆಗಳಲ್ಲೇ ಇರುತ್ತದೆ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ರಸ್ತೆ, ಕುಡಿಯುವ ನೀರು, ಬೀದಿದೀಪ ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದರೆ ತಿರಸ್ಕರಿಸಲು ನಾವೇ ಕಾರಣ ಕೊಟ್ಟಂತೆ. ಮೂರು ವಿಷಯವಿದ್ದರೆ ಮೂರು ಅರ್ಜಿ, ಮೂರು 10 ರೂಪಾಯಿಯ ಪೋಸ್ಟಲ್ ಆರ್ಡರ್. ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಿದರಾಯಿತು. ಅರ್ಜಿ ವ್ಯಕ್ತಿಯ ಹೆಸರಿನಲ್ಲಿರಲಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಬೇಡ. ಈ ಹಕ್ಕನ್ನು ಕಾಯ್ದೆ ಕೊಟ್ಟಿರುವುದು ನಾಗರಿಕರಿಗೆ. ಯಾಕೆ ಬೇಕು ಎಂದು ಬರೆಯುವ ಅಗತ್ಯವಿಲ್ಲ. ಯಾರಾದರೂ ಕೇಳಿದರೆ 6(2)ನೇ ಕಲಂ ತೋರಿಸಿ.

ಅದಕ್ಕೂ ಮೊದಲು ರಸ್ತೆ ಯಾರದು ಎಂದು ತಿಳಿದುಕೊಳ್ಳಬೇಕು. ಗ್ರಾಮ ಪಂಚಾಯಿತಿಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಲೋಕೋಪಯೋಗಿಯದೋ, ಅಥವಾ ಹಳಬರು ಇವತ್ತಿಗೂ ಲ್ಯಾಂಡ್ ಆರ್ಮಿ ಎನ್ನುವ ಗ್ರಾಮೀಣ ಮೂಲಸೌಕರ್ಯ ನಿಗಮ ಮಾಡಿಸಿದ್ದೋ. ಕಾಮಗಾರಿಯ ಫಲಕ ಇದ್ದರೆ ಮೊದಲ ದಿನವೇ ಫೋಟೊ ತೆಗೆದಿಡಿ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕೆಂದು 6(3) ಹೇಳುತ್ತದೆ. ಆದರೆ ಹಾಗೆ ಹೋದ ಅರ್ಜಿಯ ಜಾಡು ಸುಲಭವಾಗಿ ತಪ್ಪುತ್ತದೆ.

ಕಾಗದ ಕೈಗೆ ಬಂದ ಮೇಲೆ ಓದುವ ಕೆಲಸ. ಇಲ್ಲಿ ಆತುರ ಮಾಡಬಾರದು.

ಅಂದಾಜು ಪಟ್ಟಿಯಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿದೆ ಎನ್ನಿ. ಕಾಂಕ್ರೀಟ್ 45 ಘನ ಮೀಟರ್ ಆಗಬೇಕು. ದಪ್ಪ 12 ಸೆಂಟಿಮೀಟರಿಗೆ ಇಳಿದರೆ 36. ಮೂರೇ ಸೆಂಟಿಮೀಟರಿನಲ್ಲಿ 9 ಘನ ಮೀಟರ್, ಅಂದರೆ ಐದರಲ್ಲೊಂದು ಪಾಲು ಹೋಯಿತು. ನಡೆದುಹೋಗುವವರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಅಳೆಯುವಾಗ ಸ್ಟೀಲ್ ಸ್ಕೇಲನ್ನು ರಸ್ತೆಯ ಪಕ್ಕಕ್ಕೆ ನೆಟ್ಟಗೆ ಹಿಡಿದು, ಪ್ರತಿ 10 ಮೀಟರಿಗೊಮ್ಮೆ, ಎರಡೂ ಬದಿಯಲ್ಲಿ, ಅಂಕಿ ಓದುವಂತೆ ಫೋಟೊ ತೆಗೆಯಿರಿ. ಒಂದು ಎಚ್ಚರಿಕೆ: ಅಂಚಿನಲ್ಲಿ ಮಾತ್ರ ಆಳ ಬಿಟ್ಟು ನಡುವೆ ತೆಳುವಾಗಿ ಸುರಿಯುವ ರೂಢಿ ಉಂಟು. ನಿಮ್ಮ ಸ್ಕೇಲು 15 ತೋರಿಸಿದರೂ ನಡುವೆ 10 ಇರಬಹುದು. ಅದನ್ನು ನೋಡಲು ಕೋರ್, ಅಂದರೆ ಮೇಲಿನಿಂದ ತಳದವರೆಗಿನ ಕೊಳವೆಯಾಕಾರದ ತುಂಡು, ಕೊರೆದು ತೆಗೆಯಬೇಕು; ಅದು ನಾವು ಮಾಡುವ ಕೆಲಸವಲ್ಲ, ಇಲಾಖೆಯಿಂದ ಮಾಡಿಸಬೇಕು. ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ ಇದೆ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ನಕಲಿನ ಜತೆಗೆ ಇದನ್ನೂ ಕೇಳುವವರು ತೀರಾ ಕಡಿಮೆ. ಕೇಳಿ.

ಪರೀಕ್ಷಾ ವರದಿಯಲ್ಲಿ ಬಲದ ಅಂಕಿಗಿಂತ ಮೊದಲು ತಾರೀಖು ನೋಡಿ. ಕಾಂಕ್ರೀಟ್ ಹಾಕುವ ದಿನ 15 ಸೆಂಟಿಮೀಟರಿನ ಕ್ಯೂಬ್‌ಗಳನ್ನು ಅಚ್ಚು ಹಾಕಿ, 7 ದಿನಕ್ಕೂ 28 ದಿನಕ್ಕೂ ಒತ್ತಿ ನೋಡುತ್ತಾರೆ. ಅಳತೆ ಪುಸ್ತಕದಲ್ಲಿ ಕಾಂಕ್ರೀಟ್ ಹಾಕಿದ್ದು ಮಾರ್ಚ್ 20 ಎಂದಿದ್ದರೆ 28 ದಿನದ ಫಲಿತಾಂಶ ಏಪ್ರಿಲ್ 17ಕ್ಕಿಂತ ಮುಂಚೆ ಹುಟ್ಟುವಂತಿಲ್ಲ. ಮಾರ್ಚ್ 31ರ ಅಂತಿಮ ಬಿಲ್ಲಿಗೆ ಆ ವರದಿ ಲಗತ್ತಾಗಿದ್ದರೆ ಎರಡರಲ್ಲಿ ಒಂದು ಕಾಗದ ಸುಳ್ಳು. ಎಂಜಿನಿಯರಿಂಗ್ ಓದದವರಿಗೂ ಕ್ಯಾಲೆಂಡರ್ ನೋಡಲು ಬರುತ್ತದೆ.

ದಾಖಲೆ ಸಿಕ್ಕಿತೆಂದು ಪತ್ರಿಕೆಗೆ ಓಡುವುದಕ್ಕಿಂತ ಮೊದಲು ಕರಾರಿನ ಇನ್ನೊಂದು ಪುಟ ತೆರೆಯಿರಿ: ದೋಷ ಹೊಣೆಗಾರಿಕೆ ಅವಧಿ. ಆ ಅವಧಿಯಲ್ಲಿ ಒಡೆದದ್ದನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಅಲ್ಲಿಯವರೆಗೆ ಅವರ ಭದ್ರತಾ ಠೇವಣಿ ಇಲಾಖೆಯ ಕೈಯಲ್ಲಿರುತ್ತದೆ. ಠೇವಣಿ ವಾಪಸಾದ ಮೇಲೆ ಬರೆದ ಪತ್ರಕ್ಕೂ ವಾಪಸಾಗುವ ಮುಂಚೆ ಬರೆದ ಪತ್ರಕ್ಕೂ ಅಜಗಜಾಂತರ. ಕಾರ್ಯಪಾಲಕ ಎಂಜಿನಿಯರಿಗೆ, ಅಳತೆಯ ಫೋಟೊ ಸಮೇತ, “ಅವಧಿ ಇಂಥ ದಿನ ಮುಗಿಯುತ್ತದೆ, ಅದರೊಳಗೆ ಜಂಟಿ ಪರಿಶೀಲನೆ ನಡೆಸಿ ದುರಸ್ತಿ ಮಾಡಿಸಿ, ಅಲ್ಲಿಯವರೆಗೆ ಠೇವಣಿ ಬಿಡುಗಡೆ ಮಾಡಬೇಡಿ” ಎಂದು ಒಂದು ಪುಟ ಸಾಕು. ಅದೇ ವಿಷಯವನ್ನು ಗ್ರಾಮಸಭೆಯಲ್ಲೂ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಸಭೆಯಲ್ಲಿ ಎಷ್ಟು ಜೋರಾಗಿ ಮಾತಾಡಿದರೂ ನಡಾವಳಿಯಲ್ಲಿ ಇಲ್ಲದ ಮಾತು ಮರುದಿನಕ್ಕೆ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ನಡೆಯುವ ಪಂಚಾಯಿತಿ ಜಮಾಬಂದಿಯಲ್ಲಿ ಲೆಕ್ಕಪತ್ರ, ಕಾಮಗಾರಿ ಎರಡನ್ನೂ ಜನರ ಎದುರೇ ಪರಿಶೀಲಿಸಬೇಕು. ಮಳೆ ಎಂದು ಮನೆಯಲ್ಲಿ ಕೂತರೆ ಅದು ನಾಲ್ಕು ಸಹಿಯಲ್ಲಿ ಮುಗಿಯುತ್ತದೆ.

ಉತ್ತರವೇ ಬರದಿದ್ದರೆ? ಉತ್ತರ ಕೊಡಲು ಅಧಿಕಾರಿಗಿರುವ 30 ದಿನ ಮುಗಿದ ಮರುದಿನದಿಂದ ಮತ್ತೆ 30 ದಿನದೊಳಗೆ ಪ್ರಥಮ ಮೇಲ್ಮನವಿ. ಗಡುವು ಮೀರಿದ್ದರಿಂದ 7(6)ರ ಪ್ರಕಾರ ನಕಲುಗಳನ್ನು ಉಚಿತವಾಗಿ ಕೊಡಿ ಎಂದು ಅದರಲ್ಲೇ ಸೇರಿಸಿ. ಮೇಲ್ಮನವಿ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನವಾಗಬೇಕು. ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತದೆ. ಮೇಲ್ಮನವಿ ಯಾಕೆ, ನೇರ ಆಯೋಗಕ್ಕೆ 18ನೇ ಕಲಮಿನ ದೂರು ಹಾಕೋಣ ಎಂದು ಎಷ್ಟೋ ಜನ ಹೊರಡುತ್ತಾರೆ. 18ರ ದೂರಿನಲ್ಲಿ ಆಯೋಗ ದಂಡ ಹಾಕಬಹುದು, ಮಾಹಿತಿ ಕೊಡಿ ಎಂದು ಆದೇಶಿಸಲು ಬರುವುದಿಲ್ಲ ಎಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಾಗದ ಬೇಕಾದವರಿಗೆ ಮೇಲ್ಮನವಿಯ 19ನೇ ಕಲಮೇ ದಾರಿ. ದಂಡ ದಿನಕ್ಕೆ 250, ಗರಿಷ್ಠ 25,000 ರೂಪಾಯಿ. ಅದು ಸರ್ಕಾರಕ್ಕೆ ಹೋಗುತ್ತದೆ, ನಮ್ಮ ರಸ್ತೆಗಲ್ಲ.

ಇನ್ನು ಕಂಪನಿಗಳ ವಿಚಾರ. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ನೇರವಾಗಿ ಅನ್ವಯಿಸುವುದಿಲ್ಲ ಎಂದು ತಿಳಿದು ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಕಂಪನಿ, ರೆಸಾರ್ಟು, ದೊಡ್ಡ ತೋಟ ಯಾವುದಾದರೂ ಒಂದಿಲ್ಲೊಂದು ಸರ್ಕಾರಿ ಕಚೇರಿಯಲ್ಲಿ ಅದರದೊಂದು ಕಡತ ಇದ್ದೇ ಇರುತ್ತದೆ. ಭೂಪರಿವರ್ತನೆಯದು ಕಂದಾಯ ಇಲಾಖೆಯಲ್ಲಿ, ಕಟ್ಟಡ ಪರವಾನಗಿ ಪಂಚಾಯಿತಿಯಲ್ಲಿ, ಕೊಳಚೆನೀರಿನ ಸಮ್ಮತಿ ಪತ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ. ಆ ಕಡತಗಳನ್ನು ಕೇಳಬಹುದು. ಮೂರನೆಯವರ ಮಾಹಿತಿ ಎಂದು ಕಂಪನಿಗೆ ನೋಟಿಸು ಹೋಗುತ್ತದೆ, ಹಾಗಾಗಿ 30ರ ಬದಲು 40 ದಿನ ಲೆಕ್ಕ ಹಾಕಿ.

ನಮ್ಮಲ್ಲಿ ಇದು ಹೆಚ್ಚು ಬೇಕಾಗುವುದು ಕಾಫಿ ಪಲ್ಪಿಂಗ್ ಕಾಲದಲ್ಲಿ. ಅರೇಬಿಕಾ ಹಣ್ಣು ಕುಯ್ಯಲು ಶುರುವಾದ ಮೇಲೆ ಚಳಿಗಾಲದುದ್ದಕ್ಕೂ, ಸಿಪ್ಪೆ ತೆಗೆದ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಸರಿಮಾಡದೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿಟ್ಟರೆ ತೋಡು ಕಂದಾಗುತ್ತದೆ, ನೊರೆ ಕಟ್ಟುತ್ತದೆ, ಹುಳಿ ನಾತ ಬರುತ್ತದೆ. ಹಣ್ಣಿನ ಸಕ್ಕರೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುವುದರಿಂದ ಮೀನು ಸಾಯುತ್ತವೆ. ಆ ನೀರು ಮುಂದೆ ಹೊಳೆಗೆ, ಹೊಳೆಯಿಂದ ಕಾವೇರಿಗೆ.

ಬಾಟಲಿಯಲ್ಲಿ ನೀರು ತುಂಬಿಕೊಂಡು ನಮ್ಮ ಹತ್ತಿರ ಬರುವವರ ಸಂಕಟ ಅರ್ಥವಾಗುತ್ತದೆ. ಆದರೆ ಆ ಬಾಟಲಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಂಡಳಿಯ ಅಧಿಕಾರಿ ಸ್ಥಳದವರಿಗೆ ನೋಟಿಸು ಕೊಟ್ಟು, ಮಾದರಿ ತೆಗೆದು, ಸೀಲು ಹಾಕಿ, ಸಹಿ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ನಮ್ಮ ಕೆಲಸ ಆ ಅಧಿಕಾರಿ ಸರಿಯಾದ ಹೊತ್ತಿಗೆ ಬರುವಂತೆ ಮಾಡುವುದು. ನೀರು ಬಿಡುವುದು ರಾತ್ರಿ, ದೂರು ಕೊಡುವುದು ಬೆಳಿಗ್ಗೆ, ಅಧಿಕಾರಿ ಬರುವುದು ನಾಲ್ಕನೇ ದಿನ ಎಂದಾದರೆ ತೋಡಿನಲ್ಲಿ ತಿಳಿನೀರು ಹರಿಯುತ್ತಿರುತ್ತದೆ, ವರದಿಯೂ ಹಾಗೇ ಬರುತ್ತದೆ.

ಅದಕ್ಕೇ ಒಂದು ವಾರ ದಿನಚರಿ ಬರೆಯಿರಿ. ಮೂರು ಜಾಗ ಗುರುತಿಸಿಕೊಳ್ಳಿ: ನೀರು ಸೇರುವ ಬಾಯಿಯ ಮೇಲ್ಗಡೆ, ಬಾಯಿಯಲ್ಲೇ, ಕೆಳಗಡೆ. ದಿನಕ್ಕೆರಡು ಸಲ ಅದೇ ಮೂರು ಜಾಗದ ಫೋಟೊ, ಹೊತ್ತು, ಬಣ್ಣ, ನಾತ, ಜತೆಗೆ ನೀರಿನ ಹುಳಿ ಅಳೆಯುವ ಪಿಎಚ್ ಕಾಗದದ ಅಂಕಿ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು). ಮೇಲ್ಗಡೆ 7ರ ಸುಮಾರು, ಕೆಳಗಡೆ 4 ಅಥವಾ 5 ಬಂದರೆ ನಡುವೆ ಏನೋ ಸೇರಿದೆ ಎನ್ನುವುದಕ್ಕೆ ವಾದ ಬೇಕಿಲ್ಲ. ಮೇಲ್ಗಡೆಯ ಅಂಕಿ ಬರೆಯದೆ ಬಿಟ್ಟರೆ “ಅದು ಮೇಲಿನ ತೋಟದಿಂದ ಬಂದದ್ದು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ಹೊತ್ತಿಗೆ ಬಿಡುತ್ತಾರೆ ಎಂಬುದು ದಿನಚರಿಯಲ್ಲಿ ಕಂಡ ಮೇಲೆ ಆ ಹೊತ್ತನ್ನೇ ನಮೂದಿಸಿ, ಆ ಹೊತ್ತಿಗೇ ಮಾದರಿ ತೆಗೆಯಿರಿ ಎಂದು ಮಂಡಳಿಗೆ ಬರೆಯಿರಿ. ಬೇರೆಯವರ ತೋಟಕ್ಕೆ ಕಾಲಿಡಬೇಡಿ. ತೋಡು ಹೊರಗೆ ಬಂದಲ್ಲಿ, ಸೇತುವೆ ಮೇಲೆ ನಿಂತು ತೆಗೆದ ಫೋಟೊ ಸಾಕು.

ಅದೇ ಜಲ ಕಾಯ್ದೆಯ 25(6)ರಲ್ಲಿ, ಮಂಡಳಿ ಹಾಕಿದ ಷರತ್ತುಗಳ ರಿಜಿಸ್ಟರನ್ನು ಬಾಧಿತರು ಕಚೇರಿ ಹೊತ್ತಿನಲ್ಲಿ ನೋಡಬಹುದು ಎಂದಿದೆ. ಹೊಂಡ ಎಷ್ಟು ದೊಡ್ಡದಿರಬೇಕು, ನೀರನ್ನು ಎಲ್ಲಿ ಬಿಡಬೇಕು ಎಂದು ಷರತ್ತು ಹಾಕಿದ್ದರೆ, “ನೀರು ಕೆಟ್ಟಿದೆ” ಎಂದು ಬರೆಯುವ ಬದಲು “ಸಮ್ಮತಿ ಪತ್ರದ ಇಂತಿಷ್ಟನೇ ಷರತ್ತು ಮುರಿದಿದ್ದಾರೆ” ಎಂದು ಬರೆಯಲು ಸಾಧ್ಯವಾಗುತ್ತದೆ. ಎರಡನೆಯದನ್ನು ಓದಿ ಬದಿಗಿಡುವುದು ಅಧಿಕಾರಿಗೆ ಕಷ್ಟ. ಮಂಡಳಿಯಿಂದ ಆಗದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ. ಅಲ್ಲಿ 14ನೇ ಕಲಮಿನಡಿ ಆರು ತಿಂಗಳ ಕಾಲಮಿತಿ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಜನವರಿಯ ವಿಷಯಕ್ಕೆ ಮುಂದಿನ ಡಿಸೆಂಬರಿನಲ್ಲಿ ಎಚ್ಚೆತ್ತರೆ ಬಾಗಿಲು ಮುಚ್ಚಿರುತ್ತದೆ.

ವಿಮೆ, ಬ್ಯಾಂಕು, ಕೆಟ್ಟ ಯಂತ್ರ ಇಂಥವಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ, ನೀವು ಇಲ್ಲಿ ವಾಸವಿದ್ದರೆ ಇಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಬಿಲ್ಲು ಇಟ್ಟುಕೊಳ್ಳಿ, ಅಷ್ಟೇ.

ಎಲ್ಲವೂ ಆಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡನೇ ಮೇಲ್ಮನವಿ ವಿಚಾರಣೆಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ)ಯನ್ನು ಬದಲಿಸಿದ ಮೇಲೆ, ಹೆಸರಿರುವ ಕಾಗದವನ್ನೆಲ್ಲ ವೈಯಕ್ತಿಕ ಎಂದು ತಡೆಯಲು ದಾರಿಯಾಗಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಮಾತ್ರ ಉಳಿದಿದೆ, ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿಯೇ ಬರೆಯಬೇಕು. ಇದಕ್ಕಿಂತ ಭಾರವಾದದ್ದು ಊರಿನ ಸಂಬಂಧ. ಗುತ್ತಿಗೆದಾರರು ನೆಂಟರಿರಬಹುದು, ತೋಟದ ಮಾಲೀಕರು ಕೆಲಸಗಾರರಿಗೆ ಕೊಟ್ಟ ಲೈನ್ ಮನೆಯಲ್ಲೇ ದೂರುದಾರರ ಅಕ್ಕನ ಸಂಸಾರ ಇರಬಹುದು. ಒಬ್ಬರೇ ಹೆಸರು ಕೊಟ್ಟರೆ ಎಲ್ಲರ ಕಣ್ಣೂ ಅವರ ಮೇಲೆ. ಐದು ಮನೆಯವರು ಒಂದೊಂದು ದಾಖಲೆಗೆ ಬೇರೆಬೇರೆ ಅರ್ಜಿ ಹಾಕಿದರೆ ಆ ಭಾರ ಹಂಚಿಹೋಗುತ್ತದೆ. ದಾಖಲೆ ಬಂದ ಮೇಲೆ ಎದುರು ಪಕ್ಷದವರು “ಬನ್ನಿ, ಕೂತು ಮಾತಾಡೋಣ” ಎಂದರೆ ಒಬ್ಬರೇ ಹೋಗಬೇಡಿ. ಒಂದು ಸಲ ದುಡ್ಡಿಗಾಗಿ ಅರ್ಜಿ ಹಾಕಿದರು ಎಂಬ ಮಾತು ಹುಟ್ಟಿದರೆ ಆ ಊರಿನ ಮುಂದಿನ ಅರ್ಜಿಗಳಿಗೂ ಅದು ಅಂಟಿಕೊಳ್ಳುತ್ತದೆ.

ಒಂದೇ ದೂರನ್ನು ಮುಖ್ಯಮಂತ್ರಿ, ಜಿಲ್ಲಾಧಿಕಾರಿ, ಶಾಸಕರು, ಲೋಕಾಯುಕ್ತ ಎಂದು ಹತ್ತು ಕಡೆಗೆ ಪ್ರತಿ ಕಳಿಸುವುದನ್ನೂ ಬಿಡಿ. ಹತ್ತೂ ಕಡೆಯಿಂದ ಅದು ಇಳಿದಿಳಿದು ಕೊನೆಗೆ ಅದೇ ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ, ಅವರು ಹತ್ತಕ್ಕೂ ಒಂದೇ ಹಿಂಬರಹ ಬರೆಯುತ್ತಾರೆ.

ಅರ್ಜಿಯನ್ನು ಕೈಯಲ್ಲಿ ಕೊಟ್ಟರೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಹೊರಬನ್ನಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟಿನ ಚೀಟಿ. ಆ ಚೀಟಿ ಶಾಖದಲ್ಲಿ ಅಚ್ಚಾಗುವ ಕಾಗದದ್ದು, ನಮ್ಮ ಮಳೆಗಾಲದ ತೇವಕ್ಕೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಹಾಳೆಯಾಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಅರ್ಜಿಯ ಹಿಂದೆ ಪಿನ್ ಹೊಡೆದು, ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಎರಡನೇ ಮೇಲ್ಮನವಿಯ ದಿನ ಮೊದಲು ಕೇಳುವುದು ಅದನ್ನೇ.