ಐದು ಗಜಕ್ಕೆ ಒಂದು ಆವರ್ತ: ಮಾರ್ಚಿಂಗ್ ಬ್ಯಾಂಡಿನಲ್ಲಿ ನನ್ನ ಮೊದಲ ತಿಂಗಳುಗಳು

ಜೂನ್ 20

ಇಂದು ಶಾಲೆಯ ಮಾರ್ಚಿಂಗ್ ಬ್ಯಾಂಡಿಗೆ, ಅಂದರೆ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಸಾಲುಗಟ್ಟಿ ನಡೆಯುತ್ತಾ ನುಡಿಸುವ ತಂಡಕ್ಕೆ, ಹೆಸರು ಕೊಟ್ಟು ಬಂದೆ. ಮೈಸೂರು ಬಿಟ್ಟು ಟೆಕ್ಸಾಸ್‌ಗೆ ಬಂದು ನಾಲ್ಕು ತಿಂಗಳಾಯಿತು. ಆಗಸ್ಟ್‌ನಿಂದ ನಾನು ಒಂಬತ್ತನೇ ತರಗತಿ. ಇಲ್ಲಿ ಹೈಸ್ಕೂಲ್ ಶುರುವಾಗುವುದೇ ಅಲ್ಲಿಂದ. ಮೈಸೂರಿನಲ್ಲಿ ಮೂರು ವರ್ಷ ಸ್ಯಾಕ್ಸೋಫೋನ್ ಕಲಿತಿದ್ದೇನೆ. ಆದರೆ ಕಲಿತದ್ದು ಕರ್ನಾಟಕ ಸಂಗೀತದ ಕ್ರಮದಲ್ಲಿ: ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಸರಳೆ, ಜಂಟಿ, ಅಲಂಕಾರ ಮುಗಿಸಿ ವರ್ಣದವರೆಗೆ. ನಮ್ಮ ಗುರುಗಳು ಮದುವೆ ಮನೆಗಳಲ್ಲಿ ನುಡಿಸುವವರು.

ಬ್ಯಾಂಡ್ ಮೇಷ್ಟರು ಒಂದು ಹಾಳೆ ಮುಂದಿಟ್ಟು ನುಡಿಸು ಎಂದರು. ಐದು ಗೆರೆಗಳ ಮೇಲೆ ಕಪ್ಪು ಚುಕ್ಕಿಗಳು. ನನಗೆ ಓದಲು ಬರುವುದಿಲ್ಲ ಎಂದೆ. ಹಾಗಾದರೆ ಬರುವುದನ್ನು ನುಡಿಸು ಎಂದರು. ಮಾಯಾಮಾಳವಗೌಳ ರಾಗದಲ್ಲಿ ಎರಡು ಅಲಂಕಾರ ನುಡಿಸಿದೆ. ಕೊನೆಯವರೆಗೂ ಕೇಳಿದರು. "ಆಗಸ್ಟ್ 1ರ ಹೊತ್ತಿಗೆ ಇದನ್ನು ಓದಲು ಕಲಿಯುತ್ತೀಯಾ?" ಎಂದು ಹಾಳೆ ತೋರಿಸಿದರು. ಕಲಿಯುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕೇ ಈ ದಿನಚರಿ.

ಅಮ್ಮನಿಗೆ ಓದಿನ ಚಿಂತೆ. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಸ್ಪರ್ಧೆಗೆ ನಿಲ್ಲುವಂತಿಲ್ಲ ಎನ್ನುವ ನಿಯಮ ಟೆಕ್ಸಾಸ್‌ನಲ್ಲಿ ಇದೆ ಎಂದು ತಿಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಜುಲೈ 11

ದಿನಕ್ಕೆ ಒಂದು ಗಂಟೆ ಓದುವುದು, ಒಂದು ಗಂಟೆ ನುಡಿಸುವುದು. ಚುಕ್ಕಿಗಳು ಈಗ ಮಾತಾಡತೊಡಗಿವೆ.

ಬೇರೆ ಮಕ್ಕಳಿಗೆ ಕಷ್ಟವಾಗುವ ಒಂದು ವಿಷಯ ನನಗೆ ಸುಲಭವಾಯಿತು. ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಹಾಳೆಯ ಮೇಲೆ 'ಸಿ' ಎಂದು ಬರೆದಿದ್ದರೆ ಪಿಯಾನೋದ 'ಇ ಫ್ಲ್ಯಾಟ್' ಕೇಳಿಸುತ್ತದೆ. ಬರೆದದ್ದು ಒಂದು, ಕೇಳುವುದು ಇನ್ನೊಂದು ಎಂದು ಪಕ್ಕದ ಬೀದಿಯ ಹುಡುಗ ಒದ್ದಾಡುತ್ತಿದ್ದ. ನಮಗೆ ಷಡ್ಜ, ಅಂದರೆ ಸರಿಗಮದ 'ಸ', ಎಲ್ಲಿಟ್ಟರೂ ಷಡ್ಜವೇ ಅಲ್ಲವೇ? ಹಾಡುವವರ ಶ್ರುತಿ ಬದಲಾದರೆ ಸರಿಗಮ ಬದಲಾಗುವುದಿಲ್ಲ. ಅವನಿಗೂ ಹಾಗೆಯೇ ವಿವರಿಸಿದೆ. ಅರ್ಥವಾಯಿತು ಎಂದ.

ಆಗಸ್ಟ್ 1

ಬ್ಯಾಂಡ್ ಶಿಬಿರದ ಮೊದಲ ದಿನ. ಬೆಳಿಗ್ಗೆ 7ಕ್ಕೆ ಶಾಲೆಯ ವಾಹನ ನಿಲ್ದಾಣದಲ್ಲಿ ಸೇರಿದೆವು. ಡಾಂಬರಿನ ಮೇಲೆ ಫುಟ್‌ಬಾಲ್ ಮೈದಾನದ ಗೆರೆಗಳನ್ನೇ ಬಳಿದಿದ್ದಾರೆ. ಒಂದು ಗ್ಯಾಲನ್ ನೀರಿನ ಡಬ್ಬಿ, ಅಂದರೆ ಹೆಚ್ಚುಕಡಿಮೆ 3.8 ಲೀಟರ್, ತರದವರನ್ನು ಸಾಲಿಗೆ ಸೇರಿಸುವುದಿಲ್ಲ. ಹನ್ನೊಂದರ ಹೊತ್ತಿಗೆ ಅದು ಯಾಕೆಂದು ಗೊತ್ತಾಯಿತು.

ಇಡೀ ದಿನ ವಾದ್ಯ ಮುಟ್ಟಲಿಲ್ಲ. ಬರೀ ನಡಿಗೆ. ಹಿಮ್ಮಡಿ ಮೊದಲು ಊರಬೇಕು, ಆಗ ಬೆರಳುಗಳು ಮೇಲೆ ನೋಡುತ್ತಿರಬೇಕು, ಆಮೇಲೆ ಅಂಗಾಲು ಚಾಪೆ ಬಿಡಿಸಿದ ಹಾಗೆ ಹಿಂದಿನಿಂದ ಮುಂದಕ್ಕೆ ನೆಲಕ್ಕೆ ಇಳಿಯಬೇಕು. ಕಾಲು ಧೊಪ್ಪೆಂದು ಬಿದ್ದರೆ ಆ ಪೆಟ್ಟು ಬೆನ್ನು ಹತ್ತಿ ಬಾಯಿಗೆ ಬರುತ್ತದೆ, ರೀಡ್ (ಬಾಯಿಗಿಡುವ ತೆಳು ಪಟ್ಟಿ) ಅಲುಗುತ್ತದೆ, ಸ್ವರ ಒಡೆಯುತ್ತದೆ. ಸೊಂಟದ ಕೆಳಗೆ ನದಿ ಹರಿಯುತ್ತಿರಬೇಕು, ಸೊಂಟದ ಮೇಲೆ ದೋಣಿ ಅಲ್ಲಾಡಬಾರದು: ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಹಿಂದಕ್ಕೆ ನಡೆಯುವಾಗ ಮಾತ್ರ ಹಿಮ್ಮಡಿ ನೆಲಕ್ಕೆ ತಾಗುವಂತಿಲ್ಲ. ಮೀನಖಂಡ ಉರಿಯುತ್ತಿದೆ. ಅಮ್ಮ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದಳು.

ಆಗಸ್ಟ್ 3

ಇಂದು ಒಂದು ಸಂಗತಿ ಹೊಳೆಯಿತು, ರಾತ್ರಿ ನಿದ್ದೆ ಬರುತ್ತಿಲ್ಲ.

ಮೈದಾನದಲ್ಲಿ ಐದೈದು ಗಜಕ್ಕೆ ಒಂದು ಅಡ್ಡಗೆರೆ. ಐದು ಗಜವನ್ನು ಸರಿಯಾಗಿ ಎಂಟು ಹೆಜ್ಜೆಯಲ್ಲಿ ದಾಟಬೇಕು; ಒಂದು ಹೆಜ್ಜೆಗೆ 22.5 ಇಂಚು. ಎಂಟು ಹೆಜ್ಜೆ! ಆದಿತಾಳದ ಎಂಟು ಅಕ್ಷರ! ಒಂದು ಗೆರೆಯಿಂದ ಹೊರಟು ಮುಂದಿನ ಗೆರೆ ಮುಟ್ಟುವುದೆಂದರೆ ಒಂದು ಆವರ್ತ, ತಾಳದ ಒಂದು ಪೂರ್ತಿ ಸುತ್ತು. ತಾಳದ ಮೊದಲ ಭಾಗವಾದ ಲಘುವಿಗೆ ನಾಲ್ಕು ಹೆಜ್ಜೆ, ಆಮೇಲಿನ ಎರಡು ದ್ರುತಗಳಿಗೆ ನಾಲ್ಕು. ಎಡಗಾಲಿನಲ್ಲಿ ಸಮ, ಅಂದರೆ ತಾಳದ ಮೊದಲ ಪೆಟ್ಟು. ಎಲ್ಲರೂ ಒಂದು, ಎರಡು ಎಂದು ಎಣಿಸುತ್ತಿರುವಾಗ ನಾನು ಮನಸ್ಸಿನಲ್ಲಿ ತಟ್ಟು, ಕಿರುಬೆರಳು, ಉಂಗುರ, ನಡುಬೆರಳು ಎಂದು ತಾಳ ಹಾಕುತ್ತಾ ನಡೆದೆ. ಗೆರೆಗಳು ತಾವಾಗಿ ಕಾಲಿನ ಕೆಳಗೆ ಬಂದವು. ಮೂರು ವರ್ಷ ತೊಡೆಯ ಮೇಲೆ ಹಾಕಿದ ತಾಳ ಅಂಗಾಲಿಗೆ ಇಳಿಯಿತು.

ಆಗಸ್ಟ್ 8

ಡಾಟ್ ಪುಸ್ತಕ ಕೊಟ್ಟರು. ಅಂಗೈಯಷ್ಟಗಲದ ಪುಸ್ತಕ, ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಬೇಕು. ಒಂದೊಂದು ಪುಟಕ್ಕೆ ಒಂದು ಸೆಟ್, ಅಂದರೆ ಆ ಗಳಿಗೆಯಲ್ಲಿ ನಾನು ನಿಂತಿರಬೇಕಾದ ಜಾಗ; ಆ ಜಾಗಕ್ಕೇ ಡಾಟ್ ಎನ್ನುತ್ತಾರೆ. ನನ್ನ ಹದಿನಾಲ್ಕನೇ ಪುಟದಲ್ಲಿ ಹೀಗಿದೆ: "16 ಎಣಿಕೆ. ಎಡಭಾಗ, 35 ಗಜದ ಗೆರೆಯಿಂದ ನಡುವಿನ ಕಡೆಗೆ ಎರಡೂವರೆ ಹೆಜ್ಜೆ. ಮುಂದಿನ ಹ್ಯಾಷ್ ಗುರುತಿನಿಂದ ಹಿಂದಕ್ಕೆ 6 ಹೆಜ್ಜೆ." ಹ್ಯಾಷ್ ಎಂದರೆ ಮೈದಾನದ ಉದ್ದಕ್ಕೂ ಸಾಲಾಗಿ ಹಾಕಿದ ಚಿಕ್ಕ ಗುರುತುಗಳು. ಇಂಥ 50ಕ್ಕೂ ಹೆಚ್ಚು ಪುಟಗಳು. ಮೇಲಿನಿಂದ ನೋಡುವವರಿಗೆ ಚಕ್ರ, ಬಾಣ, ಅಲೆ ಕಾಣುತ್ತದಂತೆ. ಒಳಗಿರುವ ನಮಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಹುಲ್ಲು.

ಮೇಷ್ಟರು ನಿಂತು ನೋಡುವ ಗೋಪುರದ ಮೇಲಿನಿಂದ ಧ್ವನಿವರ್ಧಕದಲ್ಲಿ "ಇನ್ನೊಂದು ಸಲ" ಎಂದು ಕೇಳಿದ್ದು ಇವತ್ತು ಎಷ್ಟು ಸಲವೋ. ಪ್ರತಿ ಸಲವೂ ಎಲ್ಲರೂ ಓಡಿ ಹಿಂದಿನ ಜಾಗಕ್ಕೆ ಹೋಗುತ್ತಾರೆ. ಯಾರೂ ಗೊಣಗುವುದಿಲ್ಲ. ಈ ಶಿಸ್ತು ನನಗೆ ತುಂಬಾ ಹಿಡಿಸಿದೆ.

ಆಗಸ್ಟ್ 19

ಶಾಲೆ ಶುರುವಾಗಿದೆ. ಇನ್ನು ಮೇಲೆ ತರಗತಿಯ ವೇಳೆಯ ಹೊರಗೆ ವಾರಕ್ಕೆ 8 ಗಂಟೆ ಮಾತ್ರ ಅಭ್ಯಾಸ; ರಾಜ್ಯದ ಶಾಲಾ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ನಿಯಮ.

ಇವತ್ತು ಮನಸ್ಸಿಗೆ ಸ್ವಲ್ಪ ನೋವಾಯಿತು, ಬರೆದಿಡುತ್ತೇನೆ. ನಮ್ಮ ಸ್ಯಾಕ್ಸೋಫೋನ್ ವಿಭಾಗದ ನಾಯಕಿ ಹನ್ನೆರಡನೇ ತರಗತಿಯವಳು, ಒಳ್ಳೆಯವಳು. ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ಒಂದೇ ದೀರ್ಘ ಸ್ವರ ಹಿಡಿಯಲು ಹೇಳಿದಳು. ನನ್ನ ಮುಂದೆ ಬಂದು ನಿಂತಳು. "ಚೆನ್ನಾಗಿದೆ, ಆದರೆ ಅಲುಗಿಸಬೇಡ," ಎಂದಳು. ನಾನು ಅಲುಗಿಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗಾಂಧಾರಕ್ಕೆ ಬಂದ ಕೂಡಲೇ ತುಟಿ ತಾನಾಗಿ ಸಡಿಲಿ ಬಿಗಿಯುತ್ತದೆ. ಆ ಒಂದು ಕಂಪಿತ, ಸ್ವರವನ್ನು ಅಲುಗಿಸುವ ಗಮಕ, ಬರಲಿ ಎಂದು ಗುರುಗಳು ನನ್ನಿಂದ ತಿಂಗಳುಗಟ್ಟಲೆ ಸಾಧನೆ ಮಾಡಿಸಿದ್ದರು.

ರಾತ್ರಿ ಗುರುಗಳಿಗೆ ಫೋನ್ ಮಾಡಿದೆ. ಅವರು ತಡೆದು ತಡೆದು ಹೇಳಿದರು: "ಅಲ್ಲಿ ಹದಿನೆಂಟು ಜನ ಸೇರಿ ಒಂದೇ ಸ್ವರ ಆಗಬೇಕು ತಾನೇ, ಮಗು? ತಂಬೂರಿ ಗಮಕ ಹಾಕುತ್ತದೆಯೇ?" ಆಮೇಲೆ ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರ ಮಾತು ಬಂತು. ಆಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೊದಲು ನೆಲೆಯೂರಿದ್ದು ಸೈನ್ಯದ ಬ್ಯಾಂಡುಗಳಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಗೋಪಾಲನಾಥರು ವರ್ಷಗಟ್ಟಲೆ ಸಾಧಿಸಿ ಅದರಿಂದ ಗಮಕ ಹೊರಡಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲೂ ಕರ್ನಾಟಕ ಸಂಗೀತ ನುಡಿಸಿದರು. "ಬ್ಯಾಂಡಿನಿಂದ ನಮ್ಮಲ್ಲಿಗೆ ಬಂದ ವಾದ್ಯ. ನೀನು ಅದರ ತವರು ಮನೆಗೆ ಹೋಗಿದ್ದೀಯೆ, ಅಲ್ಲಿಯ ರೀತಿ ಕಲಿ," ಎಂದರು.

ಇಂದಿನಿಂದ ಬೆಳಿಗ್ಗೆ ಹತ್ತು ನಿಮಿಷ ಅಲುಗದ ಸ್ವರ. ರಾತ್ರಿ ಹತ್ತು ನಿಮಿಷ ಕಂಪಿತ. ಎರಡನ್ನೂ ಬಿಡುವುದಿಲ್ಲ.

ಆಗಸ್ಟ್ 30

ಮೊದಲ ಫುಟ್‌ಬಾಲ್ ಪಂದ್ಯ. ಅರ್ಧವಿರಾಮದಲ್ಲಿ ನಮ್ಮ ಪ್ರದರ್ಶನದ ಮೊದಲ ಭಾಗ ಮಾತ್ರ ನುಡಿಸಿದೆವು. ಸಮವಸ್ತ್ರ ಉಣ್ಣೆಯಷ್ಟು ದಪ್ಪ, ಟೋಪಿಯ ಗರಿ ಕೈಯಿಂದ ಮುಟ್ಟುವಂತಿಲ್ಲ, ಕೊಳವೆಯಿಂದ ತೆಗೆದು ಹಿರಿಯರೇ ಸಿಕ್ಕಿಸುತ್ತಾರೆ. ಒಂದೇ ಒಂದು ಡಾಟ್ ತಪ್ಪಿದೆ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅಷ್ಟು ದೂರದಿಂದಲೂ ಕಂಡಿತು.

ಸೆಪ್ಟೆಂಬರ್ 12

ಈ ತಿಂಗಳ ದೊಡ್ಡ ಪಾಠ: ಕಿವಿಯನ್ನು ನಂಬಬಾರದು.

ಎರಡನೇ ಹಾಡಿನಲ್ಲಿ ನಾನು ಮೈದಾನದ ಹಿಂಬದಿಯಲ್ಲಿರುತ್ತೇನೆ. ಮಾರಿಂಬಾ, ವೈಬ್ರಫೋನ್ (ಕೋಲಿನಿಂದ ಪಟ್ಟಿಗಳನ್ನು ಬಾರಿಸುವ ವಾದ್ಯಗಳು) ನುಡಿಸುವವರು ಮುಂದಿನ ಗಡಿಗೆರೆಯಲ್ಲಿ ನಿಂತಿರುತ್ತಾರೆ. ನಮ್ಮಿಬ್ಬರ ನಡುವೆ ಸುಮಾರು 40 ಮೀಟರ್. ಮಾರಿಂಬಾದ ತಾಳ ನನಗೆ ಸೊಗಸಾಗಿ ಕೇಳಿಸುತ್ತದೆ. ಮೃದಂಗಕ್ಕೆ ಕಿವಿಗೊಡುವ ಹಾಗೆ ಅದಕ್ಕೆ ಕಿವಿಗೊಟ್ಟು ನುಡಿಸಿದೆ. ಸ್ವರ ಸರಿ, ಹೆಜ್ಜೆ ಸರಿ. ಆದರೂ ಗೋಪುರದಿಂದ ಕೂಗಿದರು: "ಹಿಂದಿನ ಸ್ಯಾಕ್ಸೋಫೋನ್, ತಡ!"

ಮನೆಗೆ ಬಂದು ಲೆಕ್ಕ ಹಾಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಾರಿಂಬಾದ ಪೆಟ್ಟು ನನ್ನ ಕಿವಿ ತಲುಪಲು 0.12 ಸೆಕೆಂಡ್. ಅದರ ಜೊತೆ ನಾನು ನುಡಿಸಿದ್ದು ಮುಂದೆ ಹೋಗಲು ಮತ್ತೆ 0.12. ಒಟ್ಟು ಸುಮಾರು ಕಾಲು ಸೆಕೆಂಡ್. ಆ ಹಾಡಿನ ವೇಗ ನಿಮಿಷಕ್ಕೆ 160 ಎಣಿಕೆ, ಒಂದು ಎಣಿಕೆಗೆ 0.375 ಸೆಕೆಂಡ್. ಅಂದರೆ ಕೇಳುವವರಿಗೆ ನಾನು ಒಂದು ಎಣಿಕೆಯ ಮೂರನೇ ಎರಡು ಭಾಗದಷ್ಟು ಹಿಂದೆ! ಕಚೇರಿಯಲ್ಲಿ ಮೃದಂಗ ಒಂದು ಮಾರು ದೂರದಲ್ಲಿರುತ್ತದೆ, ಅಲ್ಲಿ ಈ ಪ್ರಶ್ನೆಯೇ ಇಲ್ಲ.

ಅದಕ್ಕೇ ಮುಂದೆ ಎತ್ತರದ ಕಟ್ಟೆಯ ಮೇಲೆ, ಕೈಬೀಸಿ ತಾಳ ತೋರಿಸುವ ಡ್ರಮ್ ಮೇಜರ್ ನಿಂತಿರುವುದು. ಅವರ ಕೈ ಕಾಣಲು ತಡವಾಗುವುದಿಲ್ಲ. ನಾವು ಹಿಂದಿರುವವರು ಕೈ ನೋಡಿ ನುಡಿಸಬೇಕು. ಮುಂದಿರುವವರು ಹಿಂದಿನಿಂದ ಬರುವ ನಾದಕ್ಕೆ ಕಿವಿಗೊಟ್ಟು ಅದರೊಂದಿಗೆ ಸೇರಬೇಕು. ಆಗ ಎಲ್ಲವೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪುತ್ತದೆ. ಕಣ್ಣು ಮುಚ್ಚಿ ನುಡಿಸಿ ಅಭ್ಯಾಸವಾದ ನಾನು ಈಗ ರೆಪ್ಪೆ ಬಡಿಯದೆ ನೋಡುವುದನ್ನು ಕಲಿಯುತ್ತಿದ್ದೇನೆ. ಕೇಳುತ್ತಿರುವುದಕ್ಕಿಂತ ಮುಂಚೆ ನುಡಿಸಲು ಧೈರ್ಯ ಬೇಕು.

ಸೆಪ್ಟೆಂಬರ್ 24

ಮಳೆ. ಸ್ಯಾಕ್ಸೋಫೋನಿನ ರಂಧ್ರ ಮುಚ್ಚುವ ಪ್ಯಾಡುಗಳು ನೆನೆದರೆ ಉಬ್ಬಿ ಕೆಡುತ್ತವೆ, ಆದ್ದರಿಂದ ವಾದ್ಯವಿಲ್ಲದೆ ಬಾಯಲ್ಲಿ ಹಾಡುತ್ತಾ ನಡೆದೆವು. ನಾನು ಸ್ವರ ಹೆಸರು ಹೇಳಿ ಹಾಡಿದೆ. ಪಕ್ಕದ ಇಬ್ಬರು ಈಗ ಸರಿಗಮ ಕಲಿಸು ಎನ್ನುತ್ತಿದ್ದಾರೆ.

ಅಕ್ಟೋಬರ್ 5

22ನೇ ಸೆಟ್‌ನಿಂದ 23ಕ್ಕೆ ಹೋಗುವುದು ನನ್ನ ಅತಿ ಕಷ್ಟದ ಜಾಗ. ಮಾಮೂಲಿ 20 ಹೆಜ್ಜೆಯ ದೂರವನ್ನು 16 ಎಣಿಕೆಯಲ್ಲಿ ಮುಟ್ಟಬೇಕು, ಅಂದರೆ ಒಂದೊಂದು ಹೆಜ್ಜೆ 28 ಇಂಚು. ಕಾಲು ಪಕ್ಕಕ್ಕೆ, ಎದೆ ಪ್ರೇಕ್ಷಕರ ಕಡೆಗೆ, ಬೆರಳಲ್ಲಿ ಸಂಗೀತದ ಅತಿ ವೇಗದ ಓಟ. ಉಸಿರು ಒಂಬತ್ತನೇ ಎಣಿಕೆಗೇ ಮುಗಿದುಹೋಗುತ್ತಿತ್ತು.

ನಾಯಕಿ ಪೆನ್ಸಿಲ್ ತೆಗೆದುಕೊಂಡು ಒಬ್ಬೊಬ್ಬರ ಹಾಳೆಯಲ್ಲೂ ಬೇರೆ ಬೇರೆ ಜಾಗದಲ್ಲಿ ಉಸಿರಿನ ಗುರುತು ಹಾಕಿದಳು. ನನಗೆ ಏಳರ ನಂತರ, ಎಡಗಡೆಯವನಿಗೆ ಐದರ ನಂತರ, ಬಲಗಡೆಯವಳಿಗೆ ಹನ್ನೊಂದರ ನಂತರ. ನಾನು ಉಸಿರೆಳೆಯುವಾಗ ಅವರಿಬ್ಬರು ನಾದ ಹಿಡಿದಿರುತ್ತಾರೆ. ಮದುವೆ ಮನೆಯ ಓಲಗದಲ್ಲಿ ಜೋಡಿ ನಾಗಸ್ವರದವರು ಮಾಡುವುದೂ ಇದನ್ನೇ! ಐದನೇ ಸಲಕ್ಕೆ 23ನೇ ಡಾಟ್ ಮೇಲೆ ಸರಿಯಾಗಿ ಬಂದು ನಿಂತೆ, ಎದೆಯಲ್ಲಿ ಇನ್ನೂ ಸ್ವಲ್ಪ ಉಸಿರಿತ್ತು.

ಅಕ್ಟೋಬರ್ 12

ವಿಜಯದಶಮಿ. ಬೆಳಿಗ್ಗೆ ಆರಕ್ಕೆ, ನಾನು ಅಭ್ಯಾಸಕ್ಕೆ ಹೊರಡುವ ಮುಂಚೆ, ತಾತ ಮೈಸೂರಿನಿಂದ ವಿಡಿಯೊ ಕರೆ ಮಾಡಿದರು. ಅಲ್ಲಿ ಸಂಜೆ, ಜಂಬೂಸವಾರಿ. "ಮಗು, ಪೊಲೀಸ್ ಬ್ಯಾಂಡ್ ಬರುತ್ತಿದೆ ನೋಡು," ಎಂದು ಫೋನನ್ನು ಜನರ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಚಿಕ್ಕಂದಿನಿಂದ ಪ್ರತಿ ವರ್ಷ ನೋಡಿದ್ದೇನೆ, ಆದರೆ ಯಾವತ್ತೂ ಅವರ ಕಾಲು ನೋಡಿರಲಿಲ್ಲ. ಇಂದು ನೋಡಿದೆ. ಮಿರುಗುವ ಬೂಟು, ಎಡ, ಬಲ, ತಿರುವಿನಲ್ಲಿ ಒಳಸಾಲಿನವರು ಹೆಜ್ಜೆ ಕಿರಿದು ಮಾಡಿ ಹೊರಸಾಲಿನವರಿಗಾಗಿ ಕಾಯುವುದು. "ತಾತ, ಇನ್ನೂ ಸ್ವಲ್ಪ ಕೆಳಗೆ ಹಿಡಿಯಿರಿ," ಎಂದೆ. ಅಂಬಾರಿ ಬೇಡವೇ ಎಂದು ಅವರಿಗೆ ಆಶ್ಚರ್ಯ.

ಅಕ್ಟೋಬರ್ 15

ಇಂದು ಯುಐಎಲ್ ವಲಯ ಮಟ್ಟದ ಸ್ಪರ್ಧೆ. ಇಲ್ಲಿ ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆಲ್ಲುವುದಿಲ್ಲ. ಮೂವರು ತೀರ್ಪುಗಾರರು ಪ್ರತಿ ಬ್ಯಾಂಡನ್ನೂ ಒಂದು ಮಟ್ಟಕ್ಕೆ ಹೋಲಿಸಿ ಶ್ರೇಣಿ ಕೊಡುತ್ತಾರೆ, ಒಂದನೇ ಶ್ರೇಣಿ ಎಷ್ಟು ಬ್ಯಾಂಡುಗಳಿಗಾದರೂ ಸಿಗಬಹುದು. ಈ ಪದ್ಧತಿ ನನಗೆ ನ್ಯಾಯವೆನಿಸುತ್ತದೆ. ನಮಗೆ ಒಂದನೇ ಶ್ರೇಣಿ ಬಂತು.

ಮೈದಾನದೊಳಗೆ ಹೋದದ್ದು ನೆನಪಿದೆ, ಹೊರಗೆ ಬಂದದ್ದು ನೆನಪಿದೆ. ನಡುವಿನದರಲ್ಲಿ ನೆನಪಿರುವುದು 22ನೇ ಸೆಟ್ ಒಂದೇ: ಏಳನೇ ಎಣಿಕೆ, ಉಸಿರು, ಎಡಬಲಗಳಿಂದ ನನ್ನನ್ನು ಎತ್ತಿಕೊಂಡಂತೆ ಬಂದ ನಾದ.

ರಾತ್ರಿ ವಿಡಿಯೊವನ್ನು ಗುರುಗಳಿಗೆ ಕಳುಹಿಸಿದೆ. ಅವರು ಎರಡು ಸಲ ನೋಡಿದರಂತೆ. ಒಂದೇ ಪ್ರಶ್ನೆ ಕೇಳಿದರು: "ಅಷ್ಟು ಉದ್ದದ ಸ್ವರಸಾಲಿನಲ್ಲಿ ಉಸಿರು ಎಲ್ಲಿ ತೆಗೆದುಕೊಂಡೆ? ನನಗೆ ಕೇಳಿಸಲಿಲ್ಲ."

ಪೆನ್ಸಿಲ್ ಗುರುತಿದ್ದ ಹಾಳೆಯ ಫೋಟೊ ತೆಗೆದು ಕಳುಹಿಸಿದೆ.