ಇಡೀ ದಿನ ಪ್ರಾರ್ಥನೆನಾ?

"ಬೇಸಿಗೆ ರಜೆಯಲ್ಲಿ ಚರ್ಚ್ ಕ್ಯಾಂಪಿಗೆ ಹೋಗ್ತಿದ್ರಂತಲ್ಲ, ಅಲ್ಲಿ ಇಡೀ ದಿನ ಪ್ರಾರ್ಥನೆನಾ?"

ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಜೊತೆಯಲ್ಲಿ ಊಟಕ್ಕೆ ಕೂರುತ್ತಿದ್ದವರು ಕೇಳಿದರು. ಪಕ್ಕದ ಮನೆಯವರು ಕೇಳಿದರು. ಹೋದ ತಿಂಗಳು ತಂಗಿಯ ಮಗಳು ಕೇಳಿದಳು. ಈ ಮೇ ತಿಂಗಳಲ್ಲಿ ಅವಳನ್ನೂ ಕಳಿಸುವ ಮಾತು ನಡೆದಿದೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಗೊತ್ತಿಲ್ಲ, ಅದಕ್ಕೆ ಕೇಳುತ್ತಾರೆ.

ಬಹಳ ವರ್ಷ ನನ್ನ ಉತ್ತರ ಒಂದೇ ಆಗಿತ್ತು: "ಅಯ್ಯೋ ಇಲ್ಲ, ಆಟ, ಹಾಡು, ಊಟನೇ ಜಾಸ್ತಿ." ಅದು ಸುಳ್ಳೇನಲ್ಲ. ಆದರೆ ಹಾಗೆ ಹೇಳುವಾಗ ಒಳಗೊಳಗೇ ಒಂದು ಅಳುಕಿರುತ್ತಿತ್ತು. ಪ್ರಾರ್ಥನೆ ಅಂದರೆ ಎಲ್ಲಿ ನಮ್ಮನ್ನು ಬೇರೆ ಥರ ನೋಡುತ್ತಾರೋ ಅಂತ. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ನೆನಪಿರುವುದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಿದ್ದೆ. ತಂಗಿಯ ಮಗಳಿಗೆ ಹಾಗೆ ಹೇಳಲು ಮನಸ್ಸು ಬರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮಂಗಳೂರಿನ ಕ್ರೈಸ್ತರು ಅಂದ ಕೂಡಲೇ ಜನ ಕೊಂಕಣಿ ಮಾತಾಡುವ ಕ್ಯಾಥೊಲಿಕರನ್ನು ನೆನೆಯುತ್ತಾರೆ. ನಾವು ಆ ಕಡೆಯವರಲ್ಲ. ನಮ್ಮದು ಬಾಸೆಲ್ ಮಿಶನ್ ಅನ್ನುವ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಮಿಶನರಿ ಸಂಸ್ಥೆಯ ಕಡೆಯ ಸಭೆ, ಅಂದರೆ ಚರ್ಚು. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ ಮೇಲೆ ಹುಟ್ಟಿದ ಸಭೆಗಳಿವು. ನಮ್ಮ ಮನೆಮಾತು ತುಳು, ಸತ್ಯವೇದ (ಬೈಬಲ್) ಓದುವುದು ಕನ್ನಡದಲ್ಲಿ, ಹಾಡುವುದು ಎರಡರಲ್ಲೂ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ತುಳುವಿನಲ್ಲಿ 1847ರಷ್ಟು ಹಿಂದೆಯೇ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಹಾಗಾಗಿ ದೇವರ ಜೊತೆ ಮನೆಮಾತಿನಲ್ಲೇ ಮಾತಾಡುವುದು ನಮ್ಮ ಅಜ್ಜಿಯಂದಿರಿಗೂ ಹೊಸದಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ನಾನು ಮೊದಲ ಸಲ ಯೌವನಸ್ಥರ ಶಿಬಿರಕ್ಕೆ ಹೋದದ್ದು 1986ರ ಮೇ ತಿಂಗಳಲ್ಲಿ. ಆಗ ಒಂಬತ್ತನೇ ಕ್ಲಾಸು ಮುಗಿದಿತ್ತು. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಅಪ್ಪ ಅಮ್ಮ ಇಲ್ಲದೆ ಬಸ್ಸಿನಲ್ಲಿ ಹೋದದ್ದೂ ಅದೇ ಮೊದಲು. ಚೀಲದಲ್ಲಿ ಒಂದು ಚಾಪೆ, ಎರಡು ಬೆಡ್‌ಶೀಟ್, ಟಾರ್ಚು, ಸತ್ಯವೇದ, ಹಾಡಿನ ಪುಸ್ತಕ, ಸ್ಟೀಲಿನ ಬಟ್ಟಲು, ಲೋಟ. ಬಟ್ಟಲಿನ ಅಂಚಿನಲ್ಲಿ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಹೊಡೆದಿದ್ದ ಹೆಸರು ನನ್ನದಲ್ಲ, ಅಜ್ಜಿಯದು.

ಬಲ್ಮಠದ ಗುಡ್ಡದ ಕಡೆ ಒಂದು ಹಳೆಯ ಕಟ್ಟಡದಲ್ಲಿ ನಮ್ಮನ್ನು ಇಳಿಸಿದರು. ಹುಡುಗಿಯರಿಗೆ ಒಂದು ಉದ್ದನೆಯ ಕೋಣೆ. ಚಾಪೆ ಹಾಸಿ ಮಲಗಿದರೆ ಮೇಲೆ ಹಂಚು ಕಾಣುತ್ತಿತ್ತು. ಹಂಚಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಅಂತ ಉಬ್ಬಚ್ಚು, ಜೊತೆಗೆ 1865. ಮೊದಲ ರಾತ್ರಿ ನಿದ್ದೆ ಬಾರದೆ ಟಾರ್ಚು ಬಿಟ್ಟು ಅದನ್ನೇ ಓದುತ್ತಿದ್ದೆ. ಈ ಕಟ್ಟಡ 1865ರದ್ದು ಅಂದುಕೊಂಡಿದ್ದೆ. ಬೆಳಿಗ್ಗೆ ಅಯ್ಯನವರು ತಿದ್ದಿದರು. (ಸಭಾಪಾಲಕರನ್ನು ನಾವು ಅಯ್ಯನವರು ಅಂತಲೇ ಕರೆಯುವುದು.) ಅದು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ವರ್ಷ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣನ್ನು ದೋಣಿಯಲ್ಲಿ ತಂದು, ಅಚ್ಚಿಗೆ ಒತ್ತಿ, ಸುಟ್ಟು ಮಾಡಿದ ಹಂಚು. ಮುಂದೆ ಇನ್ನೂ ಎಷ್ಟೋ ಕಾರ್ಖಾನೆಗಳು ಆ ದಂಡೆಗಳಲ್ಲಿ ಎದ್ದವು.

ಈಗ ಪ್ರಶ್ನೆಗೆ ಬರುತ್ತೇನೆ. ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತಿತ್ತು. ಬಾವಿಯ ಹತ್ತಿರ ಸಾಲು. ಸ್ನಾನ ಮುಗಿಸಿ 20 ನಿಮಿಷ ಮೌನ: ಸತ್ಯವೇದ ಹಿಡಿದು ಅವರವರಿಗೆ ಬೇಕಾದ ಕಡೆ ಒಬ್ಬೊಬ್ಬರೇ ಹೋಗಿ ಕೂರಬೇಕು. ತಿಂಡಿಯ ನಂತರ ಮುಕ್ಕಾಲು ಗಂಟೆ ಬೈಬಲ್ ಅಧ್ಯಯನ. ರಾತ್ರಿ ಊಟದ ನಂತರ ಅರ್ಧ ಗಂಟೆ ಪ್ರಾರ್ಥನೆ. ಎಲ್ಲ ಕೂಡಿಸಿದರೂ ಎರಡು ಗಂಟೆ ಆಗುವುದಿಲ್ಲ. ಉಳಿದದ್ದು ವಾಲಿಬಾಲ್, ಥ್ರೋಬಾಲ್, ನಾಟಕದ ತಯಾರಿ, ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು. ಹಲಸಿನ ಹಣ್ಣು ಬಿಡಿಸುವುದಕ್ಕೆ ಕೈಗೆ ಎಣ್ಣೆ ಹಚ್ಚಿಕೊಂಡು ಒಂದು ಗುಂಪೇ ಕೂರುತ್ತಿತ್ತು. ಊಟಕ್ಕೆ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಒಂದೊಂದು ದಿನ ಬಂಗುಡೆ. ಕೊನೆಯ ದಿನ ಕೋರಿ ರೊಟ್ಟಿ.

ಆ 20 ನಿಮಿಷದ ಮೌನದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಒಂಬತ್ತು ಜನ. ಒಬ್ಬಳೇ ಕೂತದ್ದು ನನಗೆ ನೆನಪೇ ಇರಲಿಲ್ಲ. ಮೊದಲ ದಿನ ಗೇರುಮರದ ಬುಡದಲ್ಲಿ ಕೂತು ಏನು ಮಾಡಬೇಕು ಅಂತ ತಿಳಿಯದೆ ಸತ್ಯವೇದದ ಕೀರ್ತನೆಯೊಂದನ್ನು ಮೂರು ಸಲ ಓದಿದೆ. ಮೂರನೇ ದಿನ ಏನನ್ನೂ ಓದಲಿಲ್ಲ. ಕೆಳಗೆ ಎಲ್ಲೋ ಬಸ್ಸಿನ ಹಾರ್ನ್, ಹತ್ತಿರದಲ್ಲಿ ಇರುವೆ ಸಾಲು, ಬಿದ್ದ ಗೇರುಹಣ್ಣಿನ ಹುಳಿ ವಾಸನೆ. ನಾನು ಸುಮ್ನೆ ಇದ್ದೆ, ಯಾರೂ ನನ್ನಿಂದ ಏನೂ ಕೇಳುತ್ತಿರಲಿಲ್ಲ. ದೇವರು ಇಲ್ಲೇ ಇದ್ದಾನೆ ಅಂತ ಮೊದಲ ಸಲ ಯಾರೂ ಹೇಳದೆ ಅನ್ನಿಸಿದ್ದು ಆಗ. ಇದನ್ನು ಊಟದ ಟೇಬಲ್ಲಿನಲ್ಲಿ ಹೇಗೆ ಹೇಳುವುದು? ಅದಕ್ಕೇ ವಾಲಿಬಾಲ್ ಬಗ್ಗೆ ಹೇಳುತ್ತಿದ್ದೆ.

ಹಾಡು ಮಾತ್ರ ದಿನವಿಡೀ ಇತ್ತು. ಅದನ್ನೂ ಪ್ರಾರ್ಥನೆ ಅಂತ ಲೆಕ್ಕ ಹಾಕಿದರೆ ಕೇಳಿದವರ ಮಾತು ನಿಜವೇ.

ನಮ್ಮ ಸಭೆಗಳಲ್ಲಿ ಹಾಡುವುದು ನಾಲ್ಕು ಭಾಗದಲ್ಲಿ: ಹೆಂಗಸರ ಮೇಲಿನ ಧ್ವನಿ ಸೋಪ್ರಾನೊ, ಕೆಳಗಿನದು ಆಲ್ಟೊ, ಗಂಡಸರ ಮೇಲಿನದು ಟೆನರ್, ಕೆಳಗಿನದು ಬೇಸ್. ಎಷ್ಟೋ ಹಾಡುಗಳ ಮಾತು ಕನ್ನಡ, ರಾಗ ಜರ್ಮನ್. ಕಲಿಯುವುದಕ್ಕೆ ಪಿಯಾನೊ ಬೇಕಿಲ್ಲ, ಗೆರೆ ಹಾಕಿದ ಸಂಗೀತ ಪುಸ್ತಕವೂ ಬೇಕಿಲ್ಲ. ಇರುವುದು ಟಾನಿಕ್ ಸಾಲ್‌ಫಾ: ಡೋ, ರೇ, ಮಿ, ಫಾ, ಸೋ, ಲಾ, ಟಿ, ಇಷ್ಟರ ಮೊದಲಕ್ಷರ. ನಡುವೆ ತಾಳಕ್ಕೆ ಎರಡು ಚುಕ್ಕೆ, ಸ್ವರ ಎಳೆಯಬೇಕಾದಲ್ಲಿ ಅಡ್ಡಗೆರೆ. ಇಂಗ್ಲೆಂಡಿನ ಸಾರಾ ಗ್ಲೋವರ್ ಅನ್ನುವ ಹೆಣ್ಣುಮಗಳು ಮಕ್ಕಳಿಗೆ ಹಾಡು ಕಲಿಸಲು ಶುರು ಮಾಡಿದ ದಾರಿ ಇದು, ಜಾನ್ ಕರ್ವೆನ್ ಅದನ್ನು ಬೆಳೆಸಿದರು. ಸಾಮಾನ್ಯ ಟೈಪ್‌ರೈಟರಿನಲ್ಲೇ ಹೊಡೆದುಬಿಡಬಹುದು. ನಮಗೆ ಕೊಟ್ಟದ್ದೂ ಹಾಗೆ ಹೊಡೆದು ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಬೆರಳಿಗೆ ಶಾಯಿ ಅಂಟುತ್ತಿತ್ತು.

ನಮ್ಮ ಜೊತೆ ಕರ್ನಾಟಕ ಸಂಗೀತ ಕಲಿಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಕಷ್ಟ ಬೇಡ. ಹಾಳೆಯಲ್ಲಿ 'ಮ' ಬಂದರೆ ಅವಳ ಗಂಟಲು ನೇರ ಮಧ್ಯಮಕ್ಕೆ ಹೋಗುತ್ತಿತ್ತು. ಇಲ್ಲಿ ಅದು ಮೂರನೆಯ ಸ್ವರ, ಅವಳ ಲೆಕ್ಕದಲ್ಲಿ ಗಾಂಧಾರ. 'ಸ' ಬಂದರೆ ಷಡ್ಜ ಹಿಡಿಯುತ್ತಿದ್ದಳು, ಇಲ್ಲಿ ಅದು ಪಂಚಮ. ಎರಡು ದಿನ ಅತ್ತಳು. ಮೂರನೇ ದಿನ ಅವಳೇ ಹಾಳೆಯ ಮೇಲೆ ಪೆನ್ಸಿಲಿನಿಂದ ಸರಿಗಮ ಬರೆದುಕೊಂಡು ಎಲ್ಲರಿಗಿಂತ ಮೊದಲು ಕಲಿತುಬಿಟ್ಟಳು. ಡೋ ಯಾವ ಶ್ರುತಿಗೂ ಕೂರುತ್ತದೆ, ನಮ್ಮ ಸ ಇದ್ದ ಹಾಗೇ, ಅಂತ ನಮಗೆ ವಿವರಿಸಿದವಳೂ ಅವಳೇ.

ನನ್ನನ್ನು ಆಲ್ಟೊಗೆ ಹಾಕಿದರು. ಹಾಡಿನ ರಾಗ ಸೋಪ್ರಾನೊದವರದು, ಆಲ್ಟೊದವರಿಗೆ ಅದು ಸಿಗುವುದಿಲ್ಲ. ಒಂದೇ ಸ್ವರದಲ್ಲಿ ನಾಲ್ಕು ಶಬ್ದ, ಒಂದು ಮೆಟ್ಟಿಲು ಕೆಳಗೆ, ಮತ್ತೆ ಅಲ್ಲಿಗೇ. ಅದನ್ನೇ ಮನೆಯಲ್ಲಿ ಒಬ್ಬಳೇ ಹಾಡಿದರೆ ಯಾವ ಹಾಡು ಅಂತ ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ಸೋಪ್ರಾನೊದವರು ಜೋರಾಗಿ ಹಾಡಿದ ಕೂಡಲೇ ನಾನೂ ಅವರ ಹಿಂದೆ ಓಡುತ್ತಿದ್ದೆ. ಕಲಿಸುತ್ತಿದ್ದ ಅಕ್ಕ ಬಂದು ನನ್ನ ಒಂದು ಕಿವಿಯನ್ನು ಅವರ ಬೆರಳಿನಿಂದಲೇ ಮುಚ್ಚಿದರು. "ಈ ಕಿವಿಯಲ್ಲಿ ನೀನು, ಆ ಕಿವಿಯಲ್ಲಿ ಅವರು. ಎರಡೂ ಬೇಕು" ಅಂದರು. ಎರಡನೇ ಸಾಲಿನ ಕೊನೆಯಲ್ಲಿ ನಾಲ್ಕು ಭಾಗವೂ ಕೂಡಿಕೊಂಡಾಗ ಮೈ ಜುಮ್ಮೆಂದಿತು. ಹಂಚಿನ ಮಾಡಿನ ಕೆಳಗೆ ಆ ಧ್ವನಿ ಒಂದು ಕ್ಷಣ ನಿಂತೇ ಇತ್ತು.

ಒಂದು ಸಂಜೆ ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ನಡೆಸಿಕೊಂಡು ಹೋದರು. ನಮ್ಮ ದೇವಾಲಯಗಳ ಗೋಡೆ ಬರೀ ಸುಣ್ಣದ ಬಿಳಿ. ಅಲ್ಲಿ ಒಂದು ಗೇಣು ಜಾಗವೂ ಖಾಲಿ ಇಲ್ಲ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಬಿಡಿಸಿದ ಚಿತ್ರಗಳು. ಗೋಡೆಯ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ ಅಂತ ಯಾರೋ ಹೇಳಿದರು. ನಾವು ಕತ್ತು ನೋಯುವ ತನಕ ಮೇಲೆ ನೋಡಿದೆವು. ವಾಪಸು ಬರುವಾಗ ಒಬ್ಬ ಹುಡುಗ ಅಯ್ಯನವರನ್ನು ಕೇಳಿದ, ನಮ್ಮಲ್ಲಿ ಯಾಕೆ ಚಿತ್ರ ಇಲ್ಲ ಅಂತ. ಅವರು, "ಅವರು ಕಣ್ಣಿಗೆ ಕೊಟ್ಟರು, ನಮ್ಮವರು ಕಿವಿಗೆ ಕೊಟ್ಟರು" ಅಂದರು. ಅದು ಪೂರ್ತಿ ಉತ್ತರ ಅಂತ ಈಗ ನನಗೆ ಅನ್ನಿಸುವುದಿಲ್ಲ. ಆದರೂ ಆ ರಾತ್ರಿ ನಾವು ಹಾಡಿದ್ದು ಬೇರೆಯೇ ಥರ ಇತ್ತು.

ಇನ್ನು ರಾತ್ರಿಯ ಪ್ರಾರ್ಥನೆ. ನಾನು ಇಷ್ಟು ವರ್ಷ ಹೇಳದೆ ಬಿಟ್ಟದ್ದು ಇದನ್ನೇ.

ಅಂಗಳದಲ್ಲಿ ಸುತ್ತ ಕೂರುತ್ತಿದ್ದೆವು, ನಡುವೆ ಒಂದು ಲಾಟೀನು. ಪಕ್ಕದವರ ಕೈ ಹಿಡಿದುಕೊಳ್ಳಬೇಕು. ಒಬ್ಬೊಬ್ಬರಿಗೆ ಒಂದೇ ವಾಕ್ಯ, ಯಾವ ಭಾಷೆಯಾದರೂ ಸರಿ. ಹೇಳಲು ಇಷ್ಟವಿಲ್ಲದಿದ್ದರೆ ಪಕ್ಕದವರ ಕೈ ಒತ್ತಿದರಾಯಿತು, ಸರದಿ ಮುಂದೆ ಹೋಗುತ್ತದೆ. ಯಾಕೆ ಹೇಳಲಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ಮೊದಲ ಎರಡು ರಾತ್ರಿ ಎಲ್ಲರೂ ಪುಸ್ತಕದ ಕನ್ನಡದಲ್ಲೇ ಹೇಳಿದರು. ಲೋಕಕ್ಕೆ ಸಮಾಧಾನ, ದೇಶಕ್ಕೆ ಮಳೆ ಬೆಳೆ. ಮೂರನೇ ರಾತ್ರಿ ಮಂಗಳೂರಿನವನೇ ಒಬ್ಬ ಹುಡುಗ, ಅಷ್ಟು ದಿನ ಕೈ ಒತ್ತುತ್ತಿದ್ದವನು, ತುಳುವಿನಲ್ಲಿ ಹೇಳಿದ: ಅಪ್ಪನ ಕಾರ್ಖಾನೆ ಮತ್ತೆ ತೆರೆಯಲಿ.

ಅವನ ಅಪ್ಪ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಜನ ಮನೆಗೆ ಹಂಚು ಬಿಟ್ಟು ಕಾಂಕ್ರೀಟು ಹಾಕಿಸಲು ಶುರು ಮಾಡಿದ್ದ ಕಾಲ ಅದು. ಒಳ್ಳೆಯ ಜೇಡಿಮಣ್ಣು ಸಿಗುವುದೂ ಕಷ್ಟವಾಗುತ್ತಿತ್ತು. ಅವರ ಕಾರ್ಖಾನೆಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನು ವಾಲಿಬಾಲ್‌ನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು.

ಅವನ ಮಾತಾದ ಮೇಲೆ ಸರದಿ ಬಹಳ ಹೊತ್ತು ನಿಂತಿತು. ಲಾಟೀನಿನ ಬುಸ್ ಅನ್ನುವ ಸದ್ದು ಮಾತ್ರ. ಆಮೇಲೆ ಪುಸ್ತಕದ ಕನ್ನಡ ಯಾರಿಗೂ ಬರಲಿಲ್ಲ. ಒಬ್ಬಳು ತಮ್ಮನ ಫಿಟ್ಸ್ ಬಗ್ಗೆ ಹೇಳಿದಳು. ಒಬ್ಬ ಎಸ್ಸೆಸ್ಸೆಲ್ಸಿ ರಿಸಲ್ಟಿನ ಭಯ ಹೇಳಿದ. ನನ್ನ ಸರದಿ ಬಂದಾಗ, ಅಜ್ಜಿಗೆ ಮುಂದಿನ ವಾರ ಕಣ್ಣಿನ ಪೊರೆ ತೆಗೆಸುವುದಿದೆ, ಅವರಿಗೆ ಮತ್ತೆ ಸತ್ಯವೇದ ಓದಲು ಆಗಲಿ ಅಂದೆ. ಜೋರಾಗಿ, ಎಲ್ಲರ ಮುಂದೆ, ತುಳುವಿನಲ್ಲಿ. ಮನೆಯಲ್ಲೂ ನಾನು ಅದನ್ನು ಹೇಳಿರಲಿಲ್ಲ.

ಆ ರಾತ್ರಿ ಮಲಗಿ ಹಂಚಿನ ಅಕ್ಷರ ನೋಡಿದಾಗ ಅದು ಬರೀ ಅಕ್ಷರವಾಗಿ ಕಾಣಲಿಲ್ಲ. ಯಾರೋ ನಿಂತು ಒತ್ತಿದ ಹಂಚದು, ಒಂದೊಂದನ್ನೂ.

"ಪ್ರಾರ್ಥನೆ ಮಾಡಿ ಬೇಜಾರಾಗ್ತಿರಲಿಲ್ವಾ?" ಅಂತ ಕೆಲವರು ಮುಂದುವರಿದು ಕೇಳುತ್ತಾರೆ. ಇಲ್ಲ. ಆ ಅರ್ಧ ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಹದಿನಾಲ್ಕು, ಹದಿನೈದು ವಯಸ್ಸಿನ ಮಕ್ಕಳು ತಮ್ಮ ನಿಜವಾದ ಭಯವನ್ನು ಒಂದು ವಾಕ್ಯದಲ್ಲಿ ಹೇಳಿ, ಅದನ್ನು ಉಳಿದವರು ಕೈ ಹಿಡಿದು ಕೇಳಿಸಿಕೊಳ್ಳುವ ಇನ್ನೊಂದು ಜಾಗ ನನಗೆ ಆಮೇಲೆ ಸಿಕ್ಕಿಲ್ಲ.

ಶಿಬಿರದ ಕೊನೆಯ ದಿನ ಆಟೋಗ್ರಾಫ್ ಪುಸ್ತಕಗಳು ಕೈಯಿಂದ ಕೈಗೆ ಓಡಾಡಿದವು. ಕ್ಯಾಂಪ್‌ಫೈರ್ ಹಚ್ಚಿದ ಅರ್ಧ ಗಂಟೆಗೆ ಮಳೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅತ್ತೆವು.

ಕಾರ್ಖಾನೆ ಮತ್ತೆ ತೆರೆಯಿತಾ ಅಂತ ತಂಗಿಯ ಮಗಳು ಕೇಳಿದಳು. ಅವಳಿಗೆ ಮರುವರ್ಷದ್ದನ್ನೂ ಹೇಳಬೇಕಾಯಿತು.

1987ರಲ್ಲಿ ನಾನು ಮತ್ತೆ ಹೋದೆ. ಮೊದಲ ದಿನ ಮಧ್ಯಾಹ್ನ ಗಂಜಿ ಬಡಿಸುವ ಸಾಲಿನಲ್ಲಿ ಆ ಹುಡುಗನೇ ಸೌಟು ಹಿಡಿದು ನಿಂತಿದ್ದ. ಒಂದು ವರ್ಷದಲ್ಲಿ ಎತ್ತರವಾಗಿದ್ದ, ಧ್ವನಿ ಒಡೆದಿತ್ತು. ನಾನು ಬಟ್ಟಲು ಚಾಚಿದೆ. ಅವನು ಅದರ ಅಂಚಿನ ಹೆಸರನ್ನು ನೋಡಿ, "ಅಜ್ಜಿನ ಕಣ್ಣ್ ಎಂಚ ಉಂಡು?" ಅಂದ. ಅಜ್ಜಿಯ ಕಣ್ಣು ಹೇಗಿದೆ ಅಂತ.

ಒಂದು ವರ್ಷ ಅವನು ಅದನ್ನು ನೆನಪಿಟ್ಟಿದ್ದ. ಆ ಇಡೀ ವರ್ಷ ನಾನು ಶಿಬಿರದ ಹಾಡುಗಳನ್ನು ಹಾಡಿಕೊಂಡಿದ್ದೆ, ಹಾಡು ಕಲಿಸಿದ ಅಕ್ಕನಿಗೆ ಎರಡು ಕಾಗದ ಬರೆದಿದ್ದೆ. ಅವನ ಅಪ್ಪನ ಕಾರ್ಖಾನೆ ಒಂದು ಸಲವೂ ನೆನಪಾಗಿರಲಿಲ್ಲ.

"ಎಡ್ಡೆ ಉಂಡು," ಚೆನ್ನಾಗಿದೆ ಅಂದೆ. "ದಿನಾ ಓದ್ತಾರೆ." ಆಮೇಲೆ ಕಾರ್ಖಾನೆಯ ಬಗ್ಗೆ ಕೇಳಿದೆ.

"ಇಜ್ಜಿ," ಅಂದ ಅವನು. ಇಲ್ಲ ಅಂತ. ಇನ್ನೊಂದು ಸೌಟು ಗಂಜಿ ಹಾಕಿದ. ಹಿಂದಿನವರು ಕಾಯುತ್ತಿದ್ದರು, ನಾನು ಮುಂದೆ ಸರಿದೆ. ಆ ರಾತ್ರಿ ಲಾಟೀನಿನ ಸುತ್ತ ಕೂರುವಾಗ ಜಾಗ ಹುಡುಕಿಕೊಂಡು ಹೋಗಿ ಅವನ ತಂಗಿಯ ಪಕ್ಕ ಕೂತೆ. ಆ ವರ್ಷ ಅವಳೂ ಬಂದಿದ್ದಳು. ಸರದಿ ಬಂದಾಗ ಅವಳ ಕೈ ಹಿಡಿದು, ಅವರ ಅಪ್ಪನಿಗೆ ಕೆಲಸ ಸಿಗಲಿ ಅಂತ ನನ್ನ ಒಂದು ವಾಕ್ಯ ಹೇಳಿದೆ.